ನೀರಿನಲ್ಲಿ ಕಲಿಸಿದ ವೋಡ್ಕಾ

ಒಳ್ಳೆಯ ರಷ್ಯನ್ ವೋಡ್ಕಾವನ್ನು ಹೇಗೆ ಗುರುತಿಸಬೇಕೆಂದು ನನಗೆ ಕಲಿಸಿದವರು ಮದ್ಯ ಮುಟ್ಟದ ಒಬ್ಬ ಹಾಜಿ. ಕಲಿಸಿದ್ದು ಜಿದ್ದಾದಲ್ಲಿ, ಎಂಬತ್ತರ ದಶಕದ ನಡುವೆ, ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಬರೀ ನೀರಿನಲ್ಲಿ.

ಕಳೆದ ತಿಂಗಳು ಅವರ ಮಗಳು ಫೋನ್ ಮಾಡಿ ತಂದೆ ತೀರಿಕೊಂಡ ಸುದ್ದಿ ಹೇಳಿದರು. ಸೌದಿಯಲ್ಲಿ ಅವರ ಜೊತೆ ಇದ್ದವರಲ್ಲಿ ಈಗ ಫೋನ್ ನಂಬರ್ ಸಿಕ್ಕಿದ್ದು ನನ್ನದೊಂದೇ ಅಂತೆ. ಏನಾದರೂ ಬರೆದುಕೊಡಿ, ಮೊಮ್ಮಕ್ಕಳು ಓದಲಿ ಎಂದರು. ನಾನು ಸ್ವಲ್ಪ ತಡೆದು, "ರಷ್ಯಾದ ವಿಷಯ ಬರೆಯಬಹುದಾ?" ಎಂದು ಕೇಳಿದೆ. ಅವರು ಆ ದುಃಖದಲ್ಲೂ ನಕ್ಕುಬಿಟ್ಟರು.

"ವೋಡ್ಕಾ ವಿಷಯ ಅಲ್ವಾ? ಅದು ಬಿಟ್ಟು ಅಪ್ಪನ ಬಗ್ಗೆ ಬರೀಲಿಕ್ಕೆ ಆಗ್ತದಾ? ಬರೀರಿ. ಹೆಸರು ಮಾತ್ರ ಹಾಕ್ಬೇಡಿ. ಇಲ್ಲಿ ಕೆಲವರಿಗೆ ಅದು ಅರ್ಥ ಆಗ್ಲಿಕ್ಕಿಲ್ಲ."

ಹಾಗಾಗಿ ಹೆಸರು ಹಾಕುವುದಿಲ್ಲ. ಆದರೆ ಬರೆಯಲು ಕೂತ ಮೇಲೆ ನನಗೆ ಬೇರೆಯೇ ತೊಂದರೆ ಶುರುವಾಯಿತು. ಅವರನ್ನು ನೆನೆದಾಗಲೆಲ್ಲ ಕಣ್ಣ ಮುಂದೆ ಕಂದು ಬಣ್ಣದ ಸ್ವೆಟರ್ ಹಾಕಿದ ಕುಳ್ಳ ಮನುಷ್ಯರೊಬ್ಬರು ಬರುತ್ತಾರೆ. ಜಿದ್ದಾದ ಸೆಕೆಯಲ್ಲಿ ಸ್ವೆಟರ್ ಹಾಕುವವರು ಯಾರು? ಅವರು ಒಮ್ಮೆ ತೋರಿಸಿದ ಹಳೆಯ ಫೋಟೋದಿಂದ ಆ ಸ್ವೆಟರ್ ನನ್ನ ನೆನಪಿಗೆ ಬಂದು ಸೇರಿಕೊಂಡಿರಬೇಕು. ಅಥವಾ ಪ್ರಯೋಗಾಲಯದ ಏಸಿ ತಣ್ಣಗಿತ್ತೆಂದು ನಿಜವಾಗಿಯೂ ಹಾಕುತ್ತಿದ್ದರೋ ಏನೋ. ಇಂಥ ಕಡೆಗಳಲ್ಲಿ ನಾನು ಪ್ರಮಾಣ ಮಾಡಲಾರೆ. ನನಗೆ ಖಚಿತವಿರುವುದನ್ನು ಖಚಿತವೆಂದೂ, ಇಲ್ಲದ್ದನ್ನು ಇಲ್ಲವೆಂದೂ ಹೇಳಿಬಿಡುತ್ತೇನೆ.

ನಾವಿದ್ದದ್ದು ಜಿದ್ದಾದ ಹೊರಗೆ, ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ. ಅವರು ನೀರಿನ ಪ್ರಯೋಗಾಲಯದ ಕೆಮಿಸ್ಟ್. ನಾನು ಒತ್ತಡ, ಉಷ್ಣತೆ ಅಳೆಯುವ ಮೀಟರುಗಳು ನಿಜ ಹೇಳುತ್ತಿವೆಯೋ ಇಲ್ಲವೋ ಎಂದು ನೋಡುವ ವಿಭಾಗದವನು. ಅದಕ್ಕೆ ಮೊದಲು ಊರಿನ ಕಾಲೇಜಿನಲ್ಲಿ ಎರಡು ವರ್ಷ ಭೌತಶಾಸ್ತ್ರ ಪಾಠ ಮಾಡಿದ್ದೆ. ಅದು ಗೊತ್ತಾದ ದಿನದಿಂದ ಅವರು ನನ್ನನ್ನು "ಮಾಷ್ಟ್ರೇ" ಎಂದೇ ಕರೆದರು. ಅದರಲ್ಲಿ ಗೌರವ ಅರ್ಧ, ಗೇಲಿ ಅರ್ಧ. ಅವರು ಮಂಗಳೂರಿನ ಕಡೆಯವರು, ನಾನು ಘಟ್ಟದ ಮೇಲಿನವನು.

ಅರುವತ್ತರ ದಶಕದ ಕೊನೆಯಲ್ಲಿ ಅವರು ಕೆಲಸ ಮಾಡುತ್ತಿದ್ದ ವಿದ್ಯುತ್ ಕೇಂದ್ರದವರು ತರಬೇತಿಗೆಂದು ರಷ್ಯಾಕ್ಕೆ ಕಳಿಸಿದ್ದರಂತೆ. ಎರಡು ಚಳಿಗಾಲ ಅಲ್ಲಿದ್ದರಂತೆ. 'ಅಂತೆ' ಎಂದು ಬರೆಯುತ್ತಿರುವುದು ಈಗಿನ ಅಭ್ಯಾಸವಲ್ಲ. ಆಗಲೂ ನಾನು ಅದನ್ನು ಪೂರ್ತಿ ನಂಬಿರಲಿಲ್ಲ. ಅವರ ಕೈಯಲ್ಲಿ ದಿನಾ ಬೆಳಿಗ್ಗೆ ಕೀ ಕೊಡಬೇಕಾದ ರಷ್ಯನ್ ಗಡಿಯಾರವಿತ್ತು. ಅಂಥದ್ದು ಬೊಂಬಾಯಿಯಲ್ಲೂ ಸಿಗುತ್ತಿತ್ತು. ಹತ್ತಿಪ್ಪತ್ತು ರಷ್ಯನ್ ಮಾತು ಆಡುತ್ತಿದ್ದರು. ಅಷ್ಟನ್ನು ಯಾವ ಪುಸ್ತಕದಿಂದಲಾದರೂ ಕಲಿಯಬಹುದು. ಫೋಟೋದಲ್ಲಿ ಸ್ವೆಟರ್ ಇತ್ತು, ಹಿಮ ಇರಲಿಲ್ಲ.

"ಹಿಮ ಎಲ್ಲಿ ಹಾಜಿಯವರೇ?" ಎಂದು ಕೇಳಿದ್ದೆ.

"ಹಿಮದಲ್ಲಿ ಕೈ ಹೊರಗೆ ತೆಗೆದು ಕ್ಯಾಮೆರಾ ಒತ್ತುವವ ಯಾರು ಮಾರಾಯ್ರೇ? ನೀವಾ?"

ಶುಕ್ರವಾರದ ಪಾಠಕ್ಕೆ ನಾವು ನಾಲ್ಕೈದು ಜನ ಸೇರುತ್ತಿದ್ದೆವು. ಅವರ ಕೋಣೆಯ ಮೇಜಿನ ಮೇಲೆ ಚಹಾದ ಸಣ್ಣ ಗಾಜಿನ ಲೋಟಗಳನ್ನು ಸಾಲಾಗಿ ಇಡುತ್ತಿದ್ದರು. ಒಂದರಲ್ಲಿ ಸ್ಥಾವರದಿಂದ ನೇರ ಬಂದ ಬಟ್ಟಿ ನೀರು. ಇನ್ನೊಂದರಲ್ಲಿ ಅದಕ್ಕೇ ಸುಣ್ಣ ಸೇರಿಸಿ ಊರಿಗೆ ಬಿಡುವ ನೀರು. ಮೂರನೆಯದರಲ್ಲಿ ತಾಯಿಫ್ ಬೆಟ್ಟದ ಕಡೆಯಿಂದ ಯಾರಾದರೂ ಕ್ಯಾನಿನಲ್ಲಿ ತಂದುಕೊಟ್ಟ ಬಾವಿ ನೀರು. ಎಲ್ಲವೂ ಫ್ರೀಜರಿನಲ್ಲಿಟ್ಟು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿರುತ್ತಿದ್ದವು.

"ವೋಡ್ಕಾ ಅಂದ್ರೆ ಎಂತ? ನೂರಕ್ಕೆ ಅರುವತ್ತು ಪಾಲು ನೀರು. ನೀರು ಗೊತ್ತಿಲ್ಲದವನಿಗೆ ವೋಡ್ಕಾ ಗೊತ್ತಾಗ್ಲಿಕ್ಕೆ ಉಂಟಾ? ಕುಡೀರಿ ಮಾಷ್ಟ್ರೇ. ಇದು ಬಟ್ಟಿ ನೀರು. ಸತ್ತ ನೀರು. ಇದರಲ್ಲಿ ಮಾಡಿದ್ರೆ ವೋಡ್ಕಾವೂ ಸಾಯ್ತದೆ. ಈಗ ತಾಯಿಫಿಂದು ಕುಡೀರಿ. ಜೀವ ಉಂಟಾ ಇಲ್ವಾ?"

ನನಗೆ ಎರಡೂ ಒಂದೇ ಥರ ಇದ್ದವು. ಹಾಗೆಂದು ಹೇಳಿದರೆ, "ಘಟ್ಟದವ್ರಿಗೆ ಕಾಫಿ ಕುಡಿದು ಕುಡಿದು ನಾಲಿಗೆ ಸುಟ್ಟು ಹೋಗಿದೆ" ಎನ್ನುತ್ತಿದ್ದರು.

ಕುಡಿಯುವುದಕ್ಕೂ ಒಂದು ಕ್ರಮವಿತ್ತು. ಗುಟುಕು ಗುಟುಕಾಗಿ ಹೀರಬಾರದು. ಮೊದಲು ಉಸಿರು ಪೂರ್ತಿ ಹೊರಗೆ ಬಿಡಬೇಕು. ಒಂದೇ ಸಲಕ್ಕೆ ಲೋಟ ಬರಿದು ಮಾಡಬೇಕು. ಆಮೇಲೆ ರೊಟ್ಟಿಯ ಚೂರನ್ನು ಮೂಗಿಗೆ ಹಿಡಿದು ಅದರ ವಾಸನೆಯನ್ನೇ ಒಳಗೆಳೆದುಕೊಳ್ಳಬೇಕು. ರಷ್ಯಾದ ಕಪ್ಪು ರೊಟ್ಟಿ ಅಲ್ಲಿ ಎಲ್ಲಿ ಸಿಗಬೇಕು? ಅರಬ್ಬಿ ಖುಬ್ಬೂಸನ್ನು ಕಾವಲಿಯ ಮೇಲೆ ಕಪ್ಪಾಗುವವರೆಗೆ ಸುಟ್ಟು ತರುತ್ತಿದ್ದರು. ಅಂಗಡಿಯಿಂದ ಉಪ್ಪುನೀರಿನ ಸೌತೆಮಿಡಿಯ ಬಾಟಲಿ ತಂದು, "ಇದೊಂದು ಮಾತ್ರ ಸರಿಯಾದದ್ದು ಸಿಗ್ತದೆ ಈ ಊರಲ್ಲಿ" ಎಂದು ಹಂಚುತ್ತಿದ್ದರು. ಒಬ್ಬೊಬ್ಬರೂ ಯಾರಿಗಾದರೂ ಒಳ್ಳೆಯದಾಗಲಿ ಎಂದು ಎರಡು ಮಾತು ಹೇಳದೆ ಲೋಟ ಎತ್ತುವಂತಿರಲಿಲ್ಲ. ಕೊಲ್ಲಿಗೆ ಬಂದ ಗಂಡಸರು ಒಂದು ಲೋಟ ತಣ್ಣೀರು ಹಿಡಿದು ನಿಂತು, ಊರಲ್ಲಿರುವ ಅತ್ತೆಗೆ ಒಳ್ಳೆಯದಾಗಲಿ ಎಂದು ಗಂಭೀರವಾಗಿ ಹೇಳುತ್ತಿದ್ದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

"ಒಳ್ಳೆಯದಾದ್ರೆ ಅದು ಗಂಟಲಿನ ಬಾಗಿಲು ಬಡಿಯುವುದಿಲ್ಲ. ಒಳಗೆ ಹೋಗಿ ಕೂತ ಮೇಲೆ ದೀಪ ಹಚ್ತದೆ" ಎನ್ನುತ್ತಿದ್ದರು. ಎರಡು ಹನಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಕೆಟ್ಟದ್ದು ಪೇಂಟಿನ ಹಾಗೆ ನಾರುತ್ತದಂತೆ, ಒಳ್ಳೆಯದು ಬಿಸಿ ರೊಟ್ಟಿಯ ವಾಸನೆ ಕೊಡುತ್ತದಂತೆ. ಮತ್ತು ಬಾಟಲಿಯ ಮುಚ್ಚಳ. ಇದನ್ನು ಎಷ್ಟು ಸಲ ಹೇಳಿದ್ದರೋ. ರಷ್ಯಾದ ಬಾಟಲಿಗೆ ತಗಡಿನ ತೆಳು ಟೋಪಿ, ಅದಕ್ಕೊಂದು ಬಾಲ. ಬಾಲ ಹಿಡಿದು ಎಳೆದರೆ ಟೋಪಿ ಹರಿದು ಬರುತ್ತದೆ. ಮತ್ತೆ ಮುಚ್ಚಲು ಬರುವುದಿಲ್ಲ.

"ತೆರೆದ ಮೇಲೆ ಮುಗಿಸ್ಲೇಬೇಕು. ಅದಕ್ಕೇ ಅಲ್ಲಿ ಒಬ್ಬನೇ ಕೊಳ್ಳುವುದಿಲ್ಲ. ಅಂಗಡಿ ಎದುರು ಇಬ್ಬರು ನಿಂತಿರ್ತಾರೆ, ದಾರಿಯಲ್ಲಿ ಹೋಗುವವನನ್ನು ಮೂರನೆಯವ ಆಗ್ತೀಯಾ ಅಂತ ಕೇಳ್ತಾರೆ. ನಾನು ಹಾಗೆ ಮೂರನೆಯವ ಆಗಿಯೇ ರಷ್ಯನ್ ಕಲಿತದ್ದು."

ಊರಿಗೆ ಮರಳಿದ ಮೇಲೆ ಅವರು ಕುಡಿತ ಬಿಟ್ಟರು. ಆಮೇಲೆ ಸೌದಿಗೆ ಬಂದರು, ಹಜ್ ಮಾಡಿದರು, ಹಿಂದಿನದ್ದಕ್ಕೆಲ್ಲ ದೇವರಲ್ಲಿ ಕ್ಷಮೆ ಬೇಡಿ ತೌಬಾ ಮಾಡಿದರು. ಹಾಗಿದ್ದರೆ ಈ ಪಾಠವೆಲ್ಲ ಯಾಕೆ ಎಂದು ನಾನು ಒಮ್ಮೆ ಸ್ವಲ್ಪ ಚುಚ್ಚಿಯೇ ಕೇಳಿದೆ.

"ತೌಬಾ ಮಾಡಿದ್ದು ಕುಡಿದದ್ದಕ್ಕೆ ಮಾಷ್ಟ್ರೇ. ನೆನಪಿಟ್ಟುಕೊಂಡದ್ದಕ್ಕಲ್ಲ. ಅದು ಕೆಟ್ಟದಾಗಿತ್ತು ಅಂತ ಸುಳ್ಳು ಹೇಳಿದ್ರೆ ಅದಕ್ಕೆ ಇನ್ನೊಂದು ತೌಬಾ ಬೇಕಾಗ್ತದೆ."

ಸುಳ್ಳಿನ ವಿಷಯದಲ್ಲಿ ಅವರು ಹಾಗೆಯೇ ಇದ್ದರು. ನೀರಿನ ವರದಿಯಲ್ಲಿ ಒಂದು ಅಂಕಿ ಹೆಚ್ಚು ಕಡಿಮೆ ಮಾಡಿ ಬರೆಯಿರಿ ಎಂದು ಮೇಲಿನವರು ಹೇಳಿದಾಗ ಪೆನ್ನನ್ನೇ ಅವರ ಕೈಗೆ ಕೊಟ್ಟು ಬಂದರಂತೆ. ಅದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಆ ವಿಷಯ ಹೇಳಿದವನು ಅವರಿಗೆ ಆಗದವನು.

ಈಗ ಜೋಕಿಂ ವಿಷಯಕ್ಕೆ ಬರಬೇಕು. ಜೋಕಿಂ ನಮ್ಮ ಸ್ಟೋರ್ ಕೀಪರ್, ಉಡುಪಿ ಕಡೆಯ ಕ್ರೈಸ್ತ, ಶುಕ್ರವಾರದ ಪಾಠಕ್ಕೆ ತಪ್ಪದೆ ಬರುತ್ತಿದ್ದವನು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವನಿಗೆ ಊರಲ್ಲಿ ಹೆಣ್ಣುಮಗು ಹುಟ್ಟಿತು. ತಂತಿ ಬಂದ ವಾರವೇ ಅವನು ಬಂದರಿನಲ್ಲಿ ಯಾವುದೋ ಹಡಗಿನ ಅಡುಗೆಯವನಿಂದ ಒಂದು ಬಾಟಲಿ ಪಡೆದು, ರಾಸಾಯನಿಕದ ಡಬ್ಬಗಳ ನಡುವೆ ಅಡಗಿಸಿ ತಂದುಬಿಟ್ಟ. ಗುರುವಾರ ಮಧ್ಯಾಹ್ನ, ನಾನೂ ಅಲ್ಲಿದ್ದಾಗ, ಹಾಜಿಯವರ ಕೋಣೆಯ ಬಾಗಿಲು ಹಾಕಿ ಅದನ್ನು ಟವೆಲ್ಲಿನಿಂದ ಬಿಚ್ಚಿ ಮೇಜಿನ ಮೇಲಿಟ್ಟ. ಚೀಟಿಯ ಮೇಲೆ ರಷ್ಯನ್ ಅಕ್ಷರಗಳಿದ್ದವು.

"ನಾಳೆ ಸಂಜೆ ಅಸರ್ ನಮಾಜ್ ಆದ ಮೇಲೆ ನನ್ನ ಕೋಣೆಯಲ್ಲಿ. ಎಂಟು ಜನ. ಹಾಜಿಯವರೇ, ಅಸಲಿಯಾ ಹೇಳಿ."

ಹಾಜಿಯವರು ಬಾಟಲಿಯನ್ನು ಮುಟ್ಟಲಿಲ್ಲ. ಬಾಗಿ ಅದರ ಕುತ್ತಿಗೆ ನೋಡಿದರು.

"ಇದು ತಿರುಗಿಸುವ ಮುಚ್ಚಳ. ರಷ್ಯಾದ್ದಕ್ಕೆ ಇದು ಇರುವುದಿಲ್ಲ. ನೀನು ತೆರೆದೆಯಾ?"

"ಮೂಸಿ ನೋಡಿದೆ, ಅಷ್ಟೇ."

"ಹಾಗಾದ್ರೆ ನಿನಗಿಂತ ಮೊದಲು ಯಾರು ತೆರೆದಿದ್ದಾರೆ, ಎಂತ ತುಂಬಿದ್ದಾರೆ, ಯಾರಿಗೆ ಗೊತ್ತು? ಚೆಲ್ಲು ಮಾರಾಯ."

ಅವರು ಹೆದರಿದ್ದಕ್ಕೆ ಕಾರಣವಿತ್ತು. ಆ ದಿನಗಳಲ್ಲಿ ಕ್ಯಾಂಪುಗಳಲ್ಲಿ ಕದ್ದು ಕಾಸುವ ಸಾರಾಯಿಗೆ 'ಸದೀಕಿ' ಎನ್ನುತ್ತಿದ್ದರು. ಅರಬ್ಬಿಯಲ್ಲಿ 'ನನ್ನ ಗೆಳೆಯ' ಎಂದು ಅರ್ಥ. ಕೆಲವೇ ತಿಂಗಳ ಹಿಂದೆ ಬೇರೊಂದು ಕ್ಯಾಂಪಿನಲ್ಲಿ ಮೆಥನಾಲ್ ಬೆರೆತದ್ದನ್ನು ಕುಡಿದು ಇಬ್ಬರ ಕಣ್ಣು ಹೋಗಿತ್ತು.

ಜೋಕಿಂ ಒಪ್ಪಲಿಲ್ಲ. "ನಾಲಿಗೆಗೆ ಒಂದು ಹನಿ ಮುಟ್ಟಿಸಿ ಹೇಳಿ. ಒಂದೇ ಹನಿ. ಉಗಿದುಬಿಡಿ."

"ನಾಲಿಗೆಗೆ ರುಚಿ ಗೊತ್ತಾಗ್ತದೆ, ಆ ವಿಷ ಗೊತ್ತಾಗುವುದಿಲ್ಲ. ನಾನು ಮುಟ್ಟಿದ್ರೆ ನನ್ನ ತೌಬಾ ಹೋಗ್ತದೆ, ಅದರಿಂದ ನಿಮ್ಮ ಕಣ್ಣೇನೂ ಉಳಿಯುವುದಿಲ್ಲ."

"ಹಾಗಾದ್ರೆ ಇಷ್ಟು ದಿವಸ ನಮಗೆ ಕಲಿಸಿದ್ದು ಎಂತ? ನೀರು ಕುಡೀಲಿಕ್ಕಾ?" ಜೋಕಿಂನ ದನಿ ಏರಿತು. "ನೀವು ರಷ್ಯಾಕ್ಕೆ ಹೋದದ್ದೇ ಸುಳ್ಳು ಅಂತ ಮಾಷ್ಟ್ರು ಹೇಳ್ತಾರೆ, ಗೊತ್ತುಂಟಾ ನಿಮಗೆ? ನಾನು ಇವತ್ತಿನವರೆಗೆ ನಂಬಿರಲಿಲ್ಲ."

ನಾನು ಹಾಗೆ ಹೇಳಿದ್ದು ನಿಜ. ಅವರ ಮುಖ ನೋಡಲಾಗದೆ ಲೋಟಗಳ ಕಡೆ ನೋಡಿದೆ.

"ನೀವು ಏನೇ ಹೇಳಿ, ನಾಳೆ ಕುಡಿಯುವುದೇ" ಎಂದ ಜೋಕಿಂ. "ಒಂಬತ್ತು ವರ್ಷ ಕಾದಿದ್ದೇನೆ ನಾನು."

ಹಾಜಿಯವರು ಎದ್ದು ಕಪಾಟಿನಿಂದ ಖಾಲಿಯಾದ ಕಣ್ಣಿನ ಮದ್ದಿನ ಪುಟ್ಟ ಪ್ಲಾಸ್ಟಿಕ್ ಬಾಟಲಿ ತೆಗೆದು, ತೊಳೆದು, ಜೋಕಿಂನ ಮುಂದೆ ಇಟ್ಟರು.

"ಇದಕ್ಕೆ ತುಂಬಿಸು. ನಾಳೆ ಬೆಳಿಗ್ಗೆ ನನಗೆ ಡ್ಯೂಟಿ ಉಂಟು. ಲ್ಯಾಬಿನಲ್ಲಿ ನೋಡ್ತೇನೆ. ಅಲ್ಲಿವರೆಗೆ ಯಾರೂ ಮುಟ್ಬಾರದು. ನಿನ್ನ ಮಗಳ ಮೇಲೆ ಆಣೆ ಮಾಡು."

ಜೋಕಿಂ ಆಣೆ ಮಾಡಿದ.

ಇದರ ಅರ್ಥ ಏನೆಂದು ಮೂವರಿಗೂ ಗೊತ್ತಿತ್ತು. ಕ್ವಾರ್ಟರ್ಸಿನಿಂದ ಸ್ಥಾವರಕ್ಕೆ ಹೋಗುವ ಗೇಟಿನಲ್ಲಿ ಚೀಲ, ಜೇಬು ಎಲ್ಲ ನೋಡುತ್ತಿದ್ದರು. ಸಿಕ್ಕಿಬಿದ್ದರೆ ಜೈಲು, ಛಡಿಯೇಟು, ಅಲ್ಲಿರಲು ಕೊಟ್ಟ ಇಕಾಮಾ ಪರವಾನಗಿ ರದ್ದಾಗಿ ಊರಿಗೆ. ಆ ವರ್ಷ ಅವರ ಮಗಳು ಕಾಲೇಜಿಗೆ ಸೇರಿದ್ದಳು. ಇವರು ಅದನ್ನೆಲ್ಲ ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ಬಾಟಲಿಯ ಜೊತೆ ಇಟ್ಟುಕೊಂಡು ಹೊರಟಿದ್ದರು, ತಾವು ಕುಡಿಯದ ವಸ್ತುವಿಗಾಗಿ.

ಮರುದಿನ ನನಗೆ ರಜೆ. ಆದರೂ ಯಾವುದೋ ಮೀಟರ್ ನೋಡುವ ನೆಪದಲ್ಲಿ ಅವರ ಜೊತೆ ಹೋದೆ. ಪಶ್ಚಾತ್ತಾಪವೋ ಕುತೂಹಲವೋ ಈಗ ಹೇಳಲಾರೆ. ಗೇಟಿನಲ್ಲಿದ್ದವನು ಯೆಮನಿನ ವಯಸ್ಸಾದ ಕಾವಲುಗಾರ. ಹಾಜಿಯವರನ್ನು ಕಂಡರೆ ಎದ್ದು ನಿಂತು ಸಲಾಂ ಹೇಳುತ್ತಿದ್ದ. ಬೇರೆಯವರ ಚೀಲವನ್ನು ಬುಡಮೇಲು ಮಾಡುವವನು ಇವರದ್ದಕ್ಕೆ ಕೈ ಹಾಕುತ್ತಿರಲಿಲ್ಲ. ಅವತ್ತೂ ಹಾಕಲಿಲ್ಲ. ಆದರೆ ಅಂಗಿಯ ತೆಳು ಬಟ್ಟೆಯಿಂದ ಜೇಬಿನ ಬಾಟಲಿ ಕಾಣುತ್ತಿತ್ತು.

"ಅದೇನು ಯಾ ಹಾಜ್?" ಎಂದು ಅರಬ್ಬಿಯಲ್ಲಿ ಕೇಳಿದ.

"ಕಣ್ಣಿನ ಮದ್ದು."

"ಅಲ್ ಹಮ್ದುಲಿಲ್ಲಾ!" ಅವನು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತು ಮುಖ ಮೇಲೆತ್ತಿದ. ಕಣ್ಣೆರಡೂ ಧೂಳಿಗೆ ಕೆಂಪಾಗಿ ನೀರು ಸುರಿಯುತ್ತಿದ್ದವು. "ಮೂರು ದಿನದಿಂದ ಉರಿ. ನನಗೂ ಎರಡು ಹನಿ ಹಾಕು."

ಹಾಜಿಯವರು ಒಂದು ಕ್ಷಣ ಜೇಬಿನ ಮೇಲೆ ಕೈಯಿಟ್ಟು ನಿಂತರು.

"ಇದು ಡಾಕ್ಟರು ನನ್ನ ಕಣ್ಣಿಗೆ ಕೊಟ್ಟದ್ದು. ಒಬ್ಬರದ್ದು ಇನ್ನೊಬ್ಬರಿಗೆ ಹಾಕಬಾರದು. ನಿನಗೆ ಬೇರೆ ತಂದುಕೊಡ್ತೇನೆ."

"ಅಲ್ಲಾಹ್ ನಿನಗೆ ಒಳ್ಳೆಯದು ಮಾಡಲಿ" ಎಂದ ಅವನು, ಮುಖ ಒರೆಸಿಕೊಂಡು.

ಒಳಗೆ ಹೋದ ಮೇಲೆ ನಾನು ಅವರ ಜಾಣತನ ಹೊಗಳಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. "ಅವನು ಐದು ವರ್ಷದಿಂದ ನನ್ನ ಚೀಲ ನೋಡ್ಲಿಲ್ಲ ಮಾಷ್ಟ್ರೇ" ಎಂದರು, ಅಷ್ಟೇ.

ಶುಕ್ರವಾರವಾದ್ದರಿಂದ ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಮೂರು ಟೆಸ್ಟ್ ಟ್ಯೂಬ್ ಇಟ್ಟರು. ಒಂದಕ್ಕೆ ನೀರು, ಒಂದಕ್ಕೆ ಬೇಕೆಂದೇ ಮೆಥನಾಲ್ ಬೆರೆಸಿದ ನೀರು, ಒಂದಕ್ಕೆ ಜೋಕಿಂನ ಬಾಟಲಿಯದ್ದು. ಮೂರಕ್ಕೂ ಯಾವುದೋ ದ್ರವಗಳನ್ನು ಒಂದರ ಮೇಲೊಂದು ಹಾಕಿ ಕಾದರು. ಮೆಥನಾಲಿನದ್ದು ನೇರಳೆ ಬಣ್ಣಕ್ಕೆ ತಿರುಗಿತು. ಉಳಿದೆರಡು ತಿರುಗಲಿಲ್ಲ. ನನ್ನ ನೆನಪಿನ ಚಿತ್ರದಲ್ಲಿ ಮೂರನೆಯದರಲ್ಲೂ ತೀರಾ ತೆಳು ನೇರಳೆಯ ಛಾಯೆ ಇದೆ. ಆದರೆ ಆ ನೆನಪು ತಪ್ಪಿರಲೇಬೇಕು, ಯಾಕೆಂದರೆ ಕುಡಿದ ಎಂಟು ಜನರಲ್ಲಿ ಒಬ್ಬನಾದ ನಾನು ಇದನ್ನು ನನ್ನದೇ ಕಣ್ಣಿನಿಂದ ನೋಡಿ ಬರೆಯುತ್ತಿದ್ದೇನೆ. ಅವರಂತೂ ಪರೀಕ್ಷೆಯನ್ನು ಮತ್ತೊಮ್ಮೆ ಮೊದಲಿನಿಂದ ಮಾಡಿದರು.

ಕೊನೆಗೆ ಪುಟ್ಟ ಬಾಟಲಿಯಲ್ಲಿ ಒಂದೆರಡು ಹನಿ ಉಳಿದಿತ್ತು. ಅದನ್ನು ಸಿಂಕಿಗೆ ಚೆಲ್ಲಲು ಹೋದವರು ನಿಂತರು. ಅಂಗೈಗೆ ಬಗ್ಗಿಸಿಕೊಂಡು, ಎರಡೂ ಕೈ ಉಜ್ಜಿ, ಮುಖದ ಹತ್ತಿರ ತಂದು ಕಣ್ಣು ಮುಚ್ಚಿದರು. ಎಷ್ಟು ಹೊತ್ತೋ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಹಾಗೆ ನೋಡುತ್ತ ನಿಲ್ಲುವುದು ಸರಿಯಲ್ಲ ಅನ್ನಿಸಿತು.

"ರಷ್ಯಾದ್ದೇ" ಎಂದರು. "ಒಳ್ಳೆಯದು. ತುಂಬಾ ಒಳ್ಳೆಯದು. ಮುಚ್ಚಳ ಯಾಕೆ ಹೀಗುಂಟು ಅಂತ ನನಗೆ ಗೊತ್ತಿಲ್ಲ. ನಾನು ತಪ್ಪು ಹೇಳಿದೆ ಅಂತ ಜೋಕಿಂಗೆ ಹೇಳಿ."

ಆಮೇಲೆ ಸೋಪು ಹಾಕಿ ಮೊಣಕೈವರೆಗೆ ಮೂರು ಸಲ ಕೈ ತೊಳೆದು, ಮೂಸಿ ನೋಡಿ, ನಾಲ್ಕನೆಯ ಸಲ ತೊಳೆದು ಮಧ್ಯಾಹ್ನದ ಜುಮಾ ನಮಾಜಿಗೆ ಹೋದರು.

ಮುಚ್ಚಳದ ವಿಷಯ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಬೇರೆ ಯಾವುದೋ ದೇಶದ ವಿಮಾನ ನಿಲ್ದಾಣದ ಅಂಗಡಿಯಲ್ಲಿ. ಅಲ್ಲಿ ಸಾಲಾಗಿ ನಿಂತಿದ್ದ ರಷ್ಯನ್ ಬಾಟಲಿಗಳಿಗೆಲ್ಲ ತಿರುಗಿಸುವ ಮುಚ್ಚಳಗಳಿದ್ದವು. ಅಂಗಡಿಯವನನ್ನು ವಿಚಾರಿಸಿದೆ. ಹೊರದೇಶಕ್ಕೆ ಕಳಿಸುವುದಕ್ಕೆ ಮೊದಲಿನಿಂದಲೂ ಇಂಥದ್ದೇ ಅಂತೆ. ಹರಿದು ತೆಗೆಯುವ ತಗಡಿನ ಟೋಪಿ ಅವರ ದೇಶದ ಒಳಗಿನ ಅಂಗಡಿಗಳಿಗೆ ಮಾತ್ರ. ಬೊಂಬಾಯಿಯಲ್ಲೋ ದುಬೈಯಲ್ಲೋ ವೋಡ್ಕಾ ಕಂಡು ಕತೆ ಕಟ್ಟುವವನು ಈ ತಪ್ಪು ಮಾಡುತ್ತಿರಲಿಲ್ಲ. ಅಲ್ಲಿನ ಅಂಗಡಿಯ ಎದುರು ಮೂರನೆಯವನಾಗಿ ನಿಂತವನು ಮಾತ್ರ ಮಾಡಬಹುದಾದ ತಪ್ಪು ಅದು. ಅಷ್ಟು ದಿನ ನಾನು ಸಾಕ್ಷಿ ಹುಡುಕುತ್ತಿದ್ದದ್ದು ಗಡಿಯಾರದಲ್ಲಿ, ಫೋಟೋದಲ್ಲಿ. ಇದನ್ನು ಅವರಿಗೆ ಪತ್ರ ಬರೆದು ತಿಳಿಸಬೇಕೆಂದುಕೊಂಡೆ. ಬರೆದೆ ಎಂದೇ ಬಹಳ ಕಾಲ ನಂಬಿದ್ದೆ. ಕಳೆದ ತಿಂಗಳು ಮಗಳನ್ನು ಕೇಳಿದರೆ ಅಂಥ ಪತ್ರ ಬಂದದ್ದು ಅವರಿಗೆ ಗೊತ್ತಿಲ್ಲ.

ಆ ಶುಕ್ರವಾರ ಅಸರ್ ಆದ ಮೇಲೆ ಜೋಕಿಂನ ಕೋಣೆಯಲ್ಲಿ ಎಲ್ಲರೂ ಸೇರಿದ್ದೆವು. ಸುಟ್ಟ ಖುಬ್ಬೂಸ್, ಸೌತೆಮಿಡಿ, ತಣ್ಣಗಾದ ಲೋಟಗಳು, ಎಲ್ಲ ಕ್ರಮಬದ್ಧವಾಗಿ ಮೇಜಿನ ಮೇಲಿದ್ದವು. ಹಾಜಿಯವರ ಜಾಗ ಮಾತ್ರ ಖಾಲಿ. ಅವರಿಗೆಂದೇ ಜೋಕಿಂ ತಾಯಿಫ್ ನೀರನ್ನು ಬೇರೆ ಲೋಟದಲ್ಲಿ ತುಂಬಿ, ಅದರ ಮೇಲೊಂದು ತಟ್ಟೆ ಮುಚ್ಚಿಟ್ಟಿದ್ದ. ಅವರ ಬಾಯಿಂದ ಮಗುವಿಗೆ ಎರಡು ಮಾತು ಬರದೆ ಯಾರೂ ಲೋಟ ಎತ್ತುವುದಿಲ್ಲವೆಂದು ಅವನ ಹಟ.

"ಹೋಗಿ ಕರ್ಕೊಂಡು ಬನ್ನಿ ಮಾಷ್ಟ್ರೇ" ಎಂದ. "ನನ್ನ ಮೇಲೆ ಸಿಟ್ಟಿದ್ರೆ ಇಲ್ಲಿ ಬಂದು ಬೈಯ್ಲಿ ಅಂತ ಹೇಳಿ."

ಕೋಣೆಯಲ್ಲಿ ಅವರಿರಲಿಲ್ಲ. ಮಸೀದಿಯಲ್ಲೂ ಇರಲಿಲ್ಲ. ನಮಾಜ್ ಮುಗಿದು ಅಂಗಡಿಗಳು ಆಗ ತಾನೇ ತೆರೆಯುತ್ತಿದ್ದವು. ಮುಖ್ಯ ರಸ್ತೆಯ ಫಾರ್ಮಸಿ ಕಡೆ ನಡೆದುಹೋಗಿದ್ದನ್ನು ಕಂಡೆನೆಂದು ಯಾರೋ ಹೇಳಿದರು. ನಾನು ಆ ದಾರಿ ಹಿಡಿದೆ. ಸ್ಥಾವರದ ಗೇಟಿನ ಹತ್ತಿರ ಬಂದಾಗ ಅವರು ಕಂಡರು.

ಕಾವಲುಗಾರ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ ಕೂತಿದ್ದ. ಹಾಜಿಯವರು ಅವನ ಮೇಲೆ ಬಾಗಿ, ಎಡಗೈಯ ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದಿದ್ದರು. ಬಿಸಿಲಿನಲ್ಲಿ ನಡೆದು ಅಂಗಿಯೆಲ್ಲ ಬೆವರಿ ಬೆನ್ನಿಗೆ ಅಂಟಿತ್ತು. ಹೊಸ ಮದ್ದಿನ ರಟ್ಟಿನ ಪೆಟ್ಟಿಗೆ ಜೇಬಿನಲ್ಲಿತ್ತು.

"ಹಾಜಿಯವರೇ, ಎಲ್ಲರೂ ಕಾಯ್ತಿದ್ದಾರೆ. ಜೋಕಿಂ ನಿಮ್ಮ ಲೋಟ ಮುಚ್ಚಿಟ್ಟಿದ್ದಾನೆ."

ಅವರು ತಲೆ ಎತ್ತಲಿಲ್ಲ. ಹನಿ ಬಿಡುವ ಕೈ ಅಲುಗದ ಹಾಗೆ ಉಸಿರು ಹಿಡಿದಿದ್ದರು. ಹನಿ ಬಿದ್ದಿತು. ಕಾವಲುಗಾರ 'ಹಾ' ಎಂದು ಕಾಲು ಬಡಿದ. ಅವರು ಅವನ ಕೆನ್ನೆ ಒರೆಸಿ, ಕುರ್ಚಿಯ ಇನ್ನೊಂದು ಬದಿಗೆ ಬಂದು ನಿಂತರು.

"ಶುರು ಮಾಡ್ಲಿ, ಮಗುವಿಗೆ ಒಳ್ಳೆಯದಾಗ್ಲಿ" ಎಂದರು. "ಇವನಿಗೆ ಇನ್ನೊಂದು ಕಣ್ಣು ಬಾಕಿ ಉಂಟು."